ಡಿಕಾಕ್ಷನ್ ಇಳಿಯುವಷ್ಟು ಹೊತ್ತು

ನಮ್ಮ ಮನೆಗಳಲ್ಲಿ ಲೋಟ ಕೈಜಾರಿ ಬಿದ್ದರೆ, ಒಲೆ ಮೇಲಿನ ಹಾಲು ಉಕ್ಕಿಹೋದರೆ, ಮೂರು ಸಲ ಕರೆದರೂ ಓಗೊಡದಿದ್ದರೆ ಹಿರಿಯರ ಬಾಯಲ್ಲಿ ತಟ್ಟನೆ ಬರುವ ಮಾತೊಂದಿದೆ: ‘ಗ್ಯಾನ ಎಲ್ಲೈತೆ ನಿಂಗೆ?’ ಇವತ್ತು ನಾನು ಮಾತಾಡುವುದು ಈ ಗ್ಯಾನದ ಬಗ್ಗೆಯೇ. ಶಾಸ್ತ್ರ ಓದಿ ಪಡೆಯುವ ಜ್ಞಾನ ಬೇರೆ. ಇದು ಕೈ ಎಲ್ಲಿದೆಯೋ ಅಲ್ಲೇ ಮನಸ್ಸೂ ಇರುವ ಸ್ಥಿತಿ. ಇನ್ನೆರಡು ಮಾತು ಗಮನಿಸಿ. ಮೂರ್ಛೆಹೋದವರು ಎಚ್ಚೆತ್ತರೆ ‘ಮೈತಿಳಿದೆದ್ದರು’ ಅನ್ನುತ್ತೇವೆ. ರಸ್ತೆ ದಾಟುವಾಗ ಎಚ್ಚರ ತಪ್ಪಿದರೆ ‘ಮೈಮರೆತ’ ಅನ್ನುತ್ತೇವೆ. ನಮ್ಮ ಭಾಷೆ ಎಚ್ಚರವನ್ನು ಮೈಯಲ್ಲಿಟ್ಟಿದೆ, ತಲೆಯಲ್ಲಿಟ್ಟಿಲ್ಲ. ನಾನು ಮುಂದೆ ಹೇಳುವ ಎಲ್ಲ ಅಭ್ಯಾಸಕ್ಕೂ ಇದೇ ಬುಡ. ಮನಸ್ಸನ್ನು ನೇರವಾಗಿ ಹಿಡಿಯಲು ಹೋದರೆ ಅದು ಸಿಗುವುದಿಲ್ಲ. ಕೈಯನ್ನೋ ಕಿವಿಯನ್ನೋ ಅಂಗಾಲನ್ನೋ ಹಿಡಿದರೆ ಹಿಂದೆಯೇ ಬರುತ್ತದೆ.

ನಿಧಾನ ಅಂದ ಕೂಡಲೇ ಹಲವರಿಗೆ ಮೊದಲು ಬರುವ ಯೋಚನೆ, ‘ನನಗೆ ಅಷ್ಟು ಪುರಸೊತ್ತಿಲ್ಲ’ ಅನ್ನುವುದು. ಹಾಗಾಗಿ ಮೊದಲು ವೇಗಕ್ಕೂ ಅವಸರಕ್ಕೂ ಇರುವ ವ್ಯತ್ಯಾಸ ನೋಡೋಣ. ಬೆಳಗ್ಗೆ ಎಂಟೂವರೆಗೆ ಯಾವುದಾದರೂ ದರ್ಶಿನಿಗೆ ಹೋಗಿ, ದೋಸೆ ಹುಯ್ಯುವವರ ಎದುರು ಐದು ನಿಮಿಷ ನಿಲ್ಲಿ. ಕಾವಲಿ ಮೇಲೆ ನೀರು ಚಿಮುಕಿಸುತ್ತಾರೆ. ಚೊಂಯ್ ಅನ್ನುವ ಸದ್ದು ಕೇಳಿಯೇ ಕಾವು ಎಷ್ಟಿದೆ ಅಂತ ಅವರಿಗೆ ಗೊತ್ತಾಗುತ್ತದೆ. ಕಡ್ಡಿಪೊರಕೆಯಲ್ಲಿ ಒಂದು ಸಲ ಎಳೆದು, ಸಾಲಾಗಿ ಹತ್ತು ಹನ್ನೆರಡು ಕಡೆ ಹಿಟ್ಟು ಹುಯ್ದು, ಸೌಟಿನ ತಳದಿಂದ ನಡುವಿನಿಂದ ಅಂಚಿಗೆ ಸುತ್ತುತ್ತಾರೆ. ಕಾವು ಹೆಚ್ಚಾಗಿದ್ದರೆ ಹಿಟ್ಟು ಹುಯ್ದ ಕ್ಷಣವೇ ಗಟ್ಟಿಯಾಗಿ ಸೌಟಿಗೆ ಅಂಟಿಕೊಂಡು ಎದ್ದು ಬರುತ್ತದೆ. ಆ ನೀರು ಚಿಮುಕಿಸುವುದು ಅದಕ್ಕೇ. ಆ ಮನುಷ್ಯ ಎಷ್ಟು ವೇಗವಾಗಿ ಕೆಲಸ ಮಾಡುತ್ತಾರೆ! ಆದರೆ ಅವರಲ್ಲಿ ಅವಸರ ಕಾಣುವುದಿಲ್ಲ. ಮೂರನೆಯ ದೋಸೆ ಸುತ್ತುವಾಗ ಅವರ ಕಣ್ಣು ಮೂರನೆಯ ದೋಸೆಯ ಮೇಲೇ ಇರುತ್ತದೆ. ಅವಸರ ಅಂದರೆ ಮೂರನೆಯದನ್ನು ಸುತ್ತುತ್ತಾ ಹನ್ನೆರಡನೆಯದರಲ್ಲಿ ಇರುವುದು. ನಾವು ಬಿಡಬೇಕಾದದ್ದು ಅದನ್ನು. ಕೆಲಸದ ವೇಗ ಹಾಗೇ ಇರಲಿ.

ಈಗ ಅಡುಗೆಮನೆಗೆ ಬನ್ನಿ. ಎಷ್ಟೇ ಅವಸರ ಮಾಡಿದರೂ ಬೇಗ ಆಗದ ಕೆಲಸ ಒಂದು ಅಲ್ಲಿದೆ. ಫಿಲ್ಟರ್‌ನಲ್ಲಿ ಕಾಫಿ ಡಿಕಾಕ್ಷನ್ ಇಳಿಯುವುದು.

ಇಬ್ಬರಿಗೆ ಬೇಕಾದರೆ ಮೇಲಿನ ಪಾತ್ರೆಗೆ ಮೂರು ದೊಡ್ಡ ಚಮಚ ಪುಡಿ ಹಾಕಿ, ಅಂದಾಜು 20 ಗ್ರಾಂ. ಫಿಲ್ಟರ್ ಅನ್ನು ಒಂದೆರಡು ಸಲ ಮೆಲ್ಲಗೆ ತಟ್ಟಿದರೆ ಪುಡಿ ಸಮವಾಗುತ್ತದೆ. ಹಿಡಿಯಿರುವ ಆ ತೂತಿನ ಬಿಲ್ಲೆಯನ್ನು ಅದರ ಮೇಲಿಟ್ಟು ಬೆರಳ ತುದಿಯಿಂದ ಹಗುರವಾಗಿ ಒತ್ತಿ. ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ, ಕುದಿ ಅಡಗಿದ ಮೇಲೆ 120 ಮಿ.ಲೀ.ನಷ್ಟು, ಅಂದರೆ ಮುಕ್ಕಾಲು ಲೋಟ, ಬಿಲ್ಲೆಯ ಮೇಲೆ ಸುತ್ತಲೂ ಹುಯ್ದು ಮುಚ್ಚಿ. ಪೂರ್ತಿ ಇಳಿಯಲು 15ರಿಂದ 20 ನಿಮಿಷ ಬೇಕು.

ತಪ್ಪುವುದು ಎಲ್ಲಿ? ಪುಡಿಯನ್ನು ಜೋರಾಗಿ ಒತ್ತಿದರೆ ಹನಿ ಕಟ್ಟಿಹೋಗುತ್ತದೆ. ಒತ್ತದೇ ಬಿಟ್ಟರೆ ನೀರು ಮೂರೇ ನಿಮಿಷಕ್ಕೆ ಸರಕ್ಕನೆ ಇಳಿದು ಡಿಕಾಕ್ಷನ್ ತೆಳ್ಳಗಾಗುತ್ತದೆ. ಪುಡಿ ತೀರಾ ನುಣುಪಾಗಿದ್ದರೆ ತೂತು ಮುಚ್ಚಿಕೊಳ್ಳುತ್ತದೆ. ಚಿಕೋರಿ ನೀರು ಹಿಡಿದಿಟ್ಟುಕೊಳ್ಳುವುದರಿಂದ ಅದು ಹೆಚ್ಚಿದ್ದಷ್ಟೂ ಇಳಿಯುವುದು ನಿಧಾನ. ಎಲ್ಲ ಸರಿಯಿದ್ದೂ ಹನಿ ನಿಂತಿದ್ದರೆ ಕೆಳಗಿನ ಪಾತ್ರೆಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಮೇಲಿನದನ್ನು ಕೂದಲೆಳೆಯಷ್ಟು ಎತ್ತಿ ಕೂರಿಸಿ, ಮತ್ತೆ ಹನಿಯುತ್ತದೆ. ಇಷ್ಟು ಬಿಟ್ಟರೆ ನೀವು ಮಾಡಬಹುದಾದದ್ದು ಏನೂ ಇಲ್ಲ. ಚಮಚದಲ್ಲಿ ಕುಟ್ಟಿದರೆ ಅಡಿಯ ಪುಡಿ ಕದಡಿ ಡಿಕಾಕ್ಷನ್‌ನಲ್ಲಿ ಗಸಿ ಬರುತ್ತದೆ, ಅಷ್ಟೆ.

ಇಲ್ಲಿ ಒಂದು ಮಾತು ಪಕ್ಕಕ್ಕೆ ಹೇಳಿಬಿಡುತ್ತೇನೆ. ‘ಒಂದು ಗಳಿಗೆ ಕೂತು ಹೋಗಿ’ ಅಂತ ಬಂದವರಿಗೆ ಹೇಳುತ್ತೇವಲ್ಲ, ಆ ಗಳಿಗೆ ಅಂದರೆ 24 ನಿಮಿಷ. ದಿನಕ್ಕೆ 60 ಗಳಿಗೆ. ಅದನ್ನು ಅಳೆಯಲು ಗಳಿಗೆ ಬಟ್ಟಲು ಇತ್ತು. ತಳದಲ್ಲಿ ಸಣ್ಣ ತೂತಿರುವ ಲೋಹದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರು, ನೀರು ಒಳನುಗ್ಗಿ ಅದು ಮುಳುಗಿದರೆ ಒಂದು ಗಳಿಗೆ. ಮದುವೆ ಮುಹೂರ್ತ ನೋಡಲು ಇದನ್ನೇ ಇಡುತ್ತಿದ್ದರು. ಗಳಿಗೆಯ ಅರವತ್ತನೇ ಒಂದು ಭಾಗ ವಿಘಳಿಗೆ, 24 ಸೆಕೆಂಡು. ಅದರ ಆರನೇ ಒಂದು ಭಾಗಕ್ಕೆ ಹಳೆಯ ಪಂಚಾಂಗದ ಗಣಿತದಲ್ಲಿ ‘ಪ್ರಾಣ’ ಅಂತಲೇ ಹೆಸರು, ಅಂದರೆ ಒಂದು ಉಸಿರು, ನಾಲ್ಕು ಸೆಕೆಂಡು. ಹಾಗೆ ಲೆಕ್ಕ ಹಾಕಿದರೆ ದಿನಕ್ಕೆ 21,600 ಉಸಿರು, ನಿಮಿಷಕ್ಕೆ 15. ಕಾಲವನ್ನು ಉಸಿರಿನಲ್ಲಿ ಎಣಿಸಿದ ಜನರ ಭಾಷೆ ನಮ್ಮದು. ಡಿಕಾಕ್ಷನ್ ಇಳಿಯಲು ಹಿಡಿಯುವುದು ಹೆಚ್ಚುಕಡಿಮೆ ಒಂದು ಗಳಿಗೆ, ಅದೂ ತೂತಿನ ಮೂಲಕವೇ. ಈ ಹೋಲಿಕೆ ನನಗೆ ಬಹಳ ಇಷ್ಟ.

ಇಡೀ ಇಪ್ಪತ್ತು ನಿಮಿಷ ಫಿಲ್ಟರ್ ಮುಂದೆ ನಿಲ್ಲಿ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಮೂರನೇ ದಿನಕ್ಕೆ ಬಿಟ್ಟುಬಿಡುತ್ತೀರಿ. ಮುಚ್ಚಳ ಹಾಕಿದ ಮೇಲೆ ಕಿವಿ ಕೊಡಿ. ಮೊದಲ ಹನಿಗಳು ಬರಿಯ ಸ್ಟೀಲಿನ ಮೇಲೆ ಬೀಳುತ್ತವೆ, ಟಣ್ ಟಣ್ ಅಂತ ಗಟ್ಟಿ ಸದ್ದು. ತಳದಲ್ಲಿ ಡಿಕಾಕ್ಷನ್ ಒಂದು ಪದರ ನಿಂತ ಮೇಲೆ ಸದ್ದು ಬದಲಾಗುತ್ತದೆ, ಮೆತ್ತಗಾಗುತ್ತದೆ. ಗಟ್ಟಿ ಸದ್ದು ಮೆತ್ತಗಾಗುವವರೆಗೆ ಅಲ್ಲೇ ನಿಲ್ಲಿ. ಒಂದೆರಡು ನಿಮಿಷವೂ ಆಗುವುದಿಲ್ಲ. ಫೋನ್ ಬೇರೆ ಕೋಣೆಯಲ್ಲಿರಲಿ. ಕಟ್ಟೆಗೆ ಕೈ ಊರಿದ್ದರೆ ಕಲ್ಲಿನ ತಣುಪು ಅಂಗೈಗೆ ಗೊತ್ತಾಗಲಿ. ನಡುವೆ ಮನಸ್ಸು ಮಗುವಿನ ಟಿಫನ್ ಡಬ್ಬಿಗೋ ಆಫೀಸಿನ ಮೀಟಿಂಗಿಗೋ ಹೋಗಿರುತ್ತದೆ. ಹೋಗಿದೆ ಅಂತ ಗೊತ್ತಾದ ಕೂಡಲೇ ಮುಂದಿನ ಹನಿಗೆ ಬನ್ನಿ.

ಇಲ್ಲೇ ಬಹಳ ಜನ ಎಡವುತ್ತಾರೆ. ‘ನನ್ನ ಮನಸ್ಸು ನಿಲ್ಲುವುದೇ ಇಲ್ಲ, ನನಗೆ ಇದು ಆಗಿಬರುವುದಿಲ್ಲ’ ಅನ್ನುತ್ತಾರೆ. ಮನಸ್ಸು ಹೋಗುವುದು ತಪ್ಪಲ್ಲ. ಹೋಗಿದೆ ಅಂತ ಗೊತ್ತಾಗುವ ಆ ಕ್ಷಣವೇ ಅಭ್ಯಾಸ. ಎರಡು ನಿಮಿಷದಲ್ಲಿ ಹತ್ತು ಸಲ ಹೋಗಿ ಹತ್ತು ಸಲ ಬಂದರೆ ಹತ್ತು ಸಲ ಅಭ್ಯಾಸ ಮಾಡಿದ ಹಾಗೆ. ಇದಕ್ಕೆ ಹಳೆಯ ಬೌದ್ಧ ಗ್ರಂಥಗಳ ಪಾಲಿ ಭಾಷೆಯಲ್ಲಿ ‘ಸತಿ’ ಅನ್ನುತ್ತಾರೆ. ಸಂಸ್ಕೃತದ ‘ಸ್ಮೃತಿ’ಯೇ ಅದು. ಸ್ಮೃತಿ ಅಂದರೆ ನೆನಪು. ಇಲ್ಲಿದ್ದೇನೆ ಅನ್ನುವುದನ್ನು ಮರೆತು ಮತ್ತೆ ನೆನಪಿಸಿಕೊಳ್ಳುವುದು. ಮರೆವೇ ಇಲ್ಲದಿದ್ದರೆ ನೆನಪಿಗೆ ಏನು ಕೆಲಸ? ಬರುವಾಗ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಬೈಗುಳವೇ ಇನ್ನೊಂದು ಯೋಚನೆಯಾಗಿ ಮತ್ತೆ ಎಳೆದುಕೊಂಡು ಹೋಗುತ್ತದೆ. ಬೇಕಿದ್ದರೆ ಹೋದ ಜಾಗಕ್ಕೆ ಒಂದೇ ಪದದಲ್ಲಿ ಹೆಸರಿಡಿ, ‘ಲೆಕ್ಕ’, ‘ಚಿಂತೆ’, ‘ಜಗಳ’ ಅಂತ. ಹೆಸರಿಟ್ಟರೆ ಹಿಡಿತ ಸ್ವಲ್ಪ ಸಡಿಲಾಗುತ್ತದೆ.

ಇದು ಬರೀ ಮಠ, ವಿಹಾರಗಳ ವಿಷಯವಾಗಿ ಉಳಿದಿಲ್ಲ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ ಎಂಬ ಜೀವವಿಜ್ಞಾನಿ ಇದನ್ನು ಆಸ್ಪತ್ರೆಗೆ ತಂದರು. ಬಂದವರಲ್ಲಿ ಬಹಳ ಮಂದಿ ವರ್ಷಗಟ್ಟಲೆ ನೋವು ತಿನ್ನುತ್ತಿದ್ದವರು. ಎಂಟು ವಾರದ ತರಬೇತಿ, ವಾರಕ್ಕೊಂದು ತರಗತಿ, ಮನೆಯಲ್ಲಿ ದಿನಕ್ಕೆ ಮುಕ್ಕಾಲು ಗಂಟೆಯ ಅಭ್ಯಾಸ. ಮೊದಲ ಪಾಠ ಯಾವುದು ಗೊತ್ತೇ? ಒಂದು ಒಣದ್ರಾಕ್ಷಿ. ಅದನ್ನು ಮೊದಲ ಸಲ ನೋಡುವವರಂತೆ ನೋಡಿ, ಬೆರಳಲ್ಲಿ ಹೊರಳಿಸಿ, ಮೂಸಿ, ಕಿವಿಯ ಹತ್ತಿರ ಹಿಡಿದು, ಕೊನೆಗೆ ಬಾಯಿಗಿಟ್ಟು ತಿನ್ನುವುದು. ಒಳ್ಳೆಯ ಪಾಠವೇ. ಆದರೆ ನಮಗೆ ದ್ರಾಕ್ಷಿ ಹುಡುಕುವ ಅಗತ್ಯವಿಲ್ಲ, ತಟ್ಟೆಯಲ್ಲಿ ಮುದ್ದೆ ಇದೆ.

ಊಟದ ಬಗ್ಗೆ ಎಲ್ಲರೂ ಕೊಡುವ ಸಲಹೆ, ‘ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯಿರಿ’ ಅಂತ. ಮುದ್ದೆಗೆ ಈ ಮಾತು ಹೊಂದುವುದೇ ಇಲ್ಲ. ಮುದ್ದೆಯನ್ನು ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಅದನ್ನು ನುಂಗಬೇಕು. ಹಾಗಾದರೆ ನಿಧಾನ ಎಲ್ಲಿ? ಬೆರಳಲ್ಲಿ. ಬೆರಳ ತುದಿಯನ್ನು ಸಾರಿನಲ್ಲಿ ಅದ್ದಿ, ಮುದ್ದೆಯ ಅಂಚಿನಿಂದ ನೆಲ್ಲಿಕಾಯಿಗಿಂತ ಚಿಕ್ಕ ತುತ್ತು ಮುರಿಯಿರಿ. ನಡುವಿನಲ್ಲಿ ಕೈಯಿಟ್ಟರೆ ಸುಡುತ್ತದೆ. ಹೆಬ್ಬೆರಳಲ್ಲಿ ಒತ್ತಿ ಸಣ್ಣ ಗುಳಿ ಮಾಡಿ, ಬಸ್ಸಾರಿನಲ್ಲಿ ಹೊರಳಿಸಿ. ಆ ಗುಳಿ ಸಾರು ಹಿಡಿಯುವ ಬಟ್ಟಲು. ಬಾಯಿಗಿಡಿ. ನಿಯಮ ಒಂದೇ: ತುತ್ತು ಗಂಟಲು ದಾಟುವವರೆಗೆ ಮುಂದಿನ ತುತ್ತಿಗೆ ಕೈ ಹಾಕಬಾರದು. ನಾಳೆ ಗಮನಿಸಿ ನೋಡಿ. ಬಾಯಲ್ಲಿ ಒಂದು ತುತ್ತಿರುವಾಗಲೇ ಬೆರಳು ಇನ್ನೊಂದನ್ನು ಉಂಡೆ ಕಟ್ಟುತ್ತಿರುತ್ತದೆ. ದೋಸೆಯವರ ವಿಷಯದಲ್ಲಿ ಹೇಳಿದೆನಲ್ಲ, ಆ ಅವಸರ ಇಲ್ಲಿ ಕಣ್ಣಿಗೇ ಕಾಣುತ್ತದೆ.

ಉತ್ತರ ಕರ್ನಾಟಕದವರಿಗೆ ಖಡಕ್ ರೊಟ್ಟಿ ತಾನೇ ಬ್ರೇಕ್ ಹಾಕುತ್ತದೆ, ಅದನ್ನು ಬೇಗ ತಿನ್ನಲು ಆಗುವುದಿಲ್ಲ. ಕಷ್ಟ ಇರುವುದು ಅನ್ನ ಮೊಸರಿನಲ್ಲಿ, ಅದು ಅಗಿಯದೆಯೂ ಜಾರಿಹೋಗುತ್ತದೆ. ಹೊಟ್ಟೆ ತುಂಬಿತು ಅನ್ನುವ ಸುದ್ದಿ ಮಿದುಳಿಗೆ ಪೂರ್ತಿ ಮುಟ್ಟಲು ಸುಮಾರು 20 ನಿಮಿಷ ಬೇಕು. ಏಳು ನಿಮಿಷದಲ್ಲಿ ಊಟ ಮುಗಿಸಿದರೆ ಆ ಸುದ್ದಿ ಬರುವ ಮೊದಲೇ ಎರಡನೇ ಸಲ ಬಡಿಸಿಕೊಂಡಿರುತ್ತೀರಿ. ಮೂರು ಹೊತ್ತೂ ಹೀಗೆ ತಿನ್ನಬೇಕಿಲ್ಲ. ದಿನಕ್ಕೆ ಒಂದು ಊಟದ ಮೊದಲ ಐದು ತುತ್ತು ಸಾಕು.

ಈಗ ಉಸಿರು. ಸುಮ್ಮನೆ ಕೂತಿರುವಾಗ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಪಂಚಾಂಗದ ಹದಿನೈದು ಸರಿಯಾಗಿ ಇದರ ನಡುವೆಯೇ ಬಂತು ನೋಡಿ. ಅದನ್ನು ಆರಕ್ಕೆ ಇಳಿಸುವುದು ಹೀಗೆ: ಮೂಗಿನಿಂದ ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಹತ್ತು ಸೆಕೆಂಡಿಗೆ ಒಂದು ಉಸಿರು. ಹೊರಗೆ ಬಿಡುವುದು ಯಾಕೆ ಉದ್ದ? ಉಸಿರು ಬಿಡುವಾಗ, ಮಿದುಳಿನಿಂದ ಎದೆಗೆ ಇಳಿಯುವ ವೇಗಸ್ ನರ ಹೃದಯದ ಬಡಿತವನ್ನು ತುಸು ತಗ್ಗಿಸುತ್ತದೆ, ಎಳೆದುಕೊಳ್ಳುವಾಗ ಬಿಟ್ಟುಕೊಡುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ನಿಧಾನವಾಗಿ ಉಸಿರಾಡಿದರೆ ಈ ಏರಿಳಿತ ಬಹಳ ಜನರ ಬೆರಳಿಗೇ ಸಿಗುತ್ತದೆ. ಈಗಲೇ ಹಿಡಿದು ನೋಡಿ, ಒಂದು ನಿಮಿಷ ಕಾಯುತ್ತೇನೆ.

ಕೆಲವರಿಗೆ ತಲೆ ಹಗುರಾದಂತೆ, ಬೆರಳ ತುದಿ ಜುಮ್ಮೆಂದಂತೆ ಅನ್ನಿಸಿರಬಹುದು. ಅದು ಸಾಧನೆಯ ಗುರುತಲ್ಲ. ‘ದೀರ್ಘ ಉಸಿರು’ ಅಂದ ಕೂಡಲೇ ಎದೆ ತುಂಬ ಗಾಳಿ ಎಳೆದಿದ್ದೀರಿ, ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಬೇಕಾದ್ದಕ್ಕಿಂತ ಕಡಿಮೆಯಾಗಿದೆ. ಉಸಿರು ಉದ್ದವಾಗಲಿ, ದೊಡ್ಡದಾಗುವುದು ಬೇಡ. ಪಕ್ಕದವರಿಗೆ ಕೇಳಿಸಬಾರದು. ಭುಜ ಏಳಬಾರದು, ಹೊಕ್ಕುಳಿನ ಮೇಲಿಟ್ಟ ಅಂಗೈ ಅಲುಗಿದರೆ ಸಾಕು. ನಾಲ್ಕು-ಆರು ಕಷ್ಟವಾದರೆ ಮೂರು-ನಾಲ್ಕರಿಂದ ಶುರುಮಾಡಿ. ಎಣಿಕೆಗಾಗಿ ಉಸಿರು ಕಟ್ಟಬೇಡಿ.

ಇದಕ್ಕೆ ಜಾಗ? ಸಿಗ್ನಲ್. ಬೆಂಗಳೂರಿನಲ್ಲಿ ಕೆಂಪು ದೀಪದ ಪಕ್ಕ ಸೆಕೆಂಡು ಇಳಿಯುತ್ತಾ ಬರುತ್ತದಲ್ಲ, 90 ಅಂತ ತೋರಿಸಿದರೆ ಒಂಬತ್ತು ಉಸಿರು ಅಂತ ಓದಿಕೊಳ್ಳಿ. ಗಾಡಿ ಆಫ್ ಮಾಡಿ, ಎರಡೂ ಪಾದ ನೆಲಕ್ಕೆ ಊರಿ, ಹ್ಯಾಂಡಲ್ ಮೇಲಿನ ಹಿಡಿತ ಸಡಿಲಿಸಿ. ಬೆರಳು ಎಷ್ಟು ಬಿಗಿಯಾಗಿತ್ತು ಅನ್ನುವುದು ಸಡಿಲಿಸಿದಾಗಲೇ ತಿಳಿಯುತ್ತದೆ. ಹಲ್ಲು ಕಚ್ಚಿದ್ದೀರಾ ನೋಡಿಕೊಳ್ಳಿ. ರಸ್ತೆಯಲ್ಲಿ ಕಣ್ಣು ಮುಚ್ಚಲೇಬೇಡಿ, ಗಾಡಿ ಚಲಿಸುವಾಗ ಎಣಿಸಲೂ ಬೇಡಿ. ಆಗ ನಿಮ್ಮ ಅಭ್ಯಾಸ ರಸ್ತೆಯೇ. ಹೊಗೆ ತುಂಬಿದ ಜಾಗದಲ್ಲಿ ಉಸಿರಿನ ಗೊಡವೆಯೂ ಬೇಡ, ಅಂಗಾಲಿಗೆ ಗಮನ ಕೊಡಿ. ಮೆಟ್ರೊದಲ್ಲಿ ಹೋಗುವವರು ಒಂದು ನಿಲ್ದಾಣದಿಂದ ಮುಂದಿನದಕ್ಕೆ ಹೋಗುವಷ್ಟು ಹೊತ್ತು ಫೋನನ್ನು ಚೀಲದಲ್ಲಿಡಿ. ರೈಲು ವೇಗ ತಗ್ಗಿಸುವಾಗ ಮೈಭಾರ ಯಾವ ಪಾದಕ್ಕೆ ಜಾರುತ್ತದೆ ಅಂತ ಗಮನಿಸಿ.

ಕಚೇರಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹಾರಿದರೆ ಮನಸ್ಸಿನ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿಯುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನು ‘ಗಮನದ ಶೇಷ’ ಎಂಬ ಅರ್ಥದ ಹೆಸರಿಟ್ಟು ವಿವರಿಸಿದರು. ಪಾತ್ರೆಗೆ ಹತ್ತಿದ ತಳದ ಹಾಗೆ, ಅದರಲ್ಲೇ ಮತ್ತೆ ಅಡುಗೆ ಮಾಡಿದರೆ ಹಳೆಯ ವಾಸನೆ ಬರುತ್ತದೆ. ಅವರೇ ಮುಂದೆ ಒಂದು ಉಪಾಯವನ್ನೂ ಪರೀಕ್ಷಿಸಿದರು. ಏಳುವ ಮೊದಲು ಒಂದು ನಿಮಿಷ ತೆಗೆದುಕೊಂಡು, ಎಲ್ಲಿಗೆ ನಿಲ್ಲಿಸಿದೆ, ಮರಳಿ ಬಂದಾಗ ಮೊದಲು ಏನು ಮಾಡುತ್ತೇನೆ ಅಂತ ಬರೆದಿಡುವುದು. ಎರಡು ಸಾಲು ಸಾಕು. ‘ಮಾರ್ಚ್ ಬಿಲ್‌ಗಳು ಮುಗಿದಿವೆ, ಏಪ್ರಿಲ್‌ನ ಎರಡನೇ ಹಾಳೆಯಿಂದ ಶುರು’ ಅನ್ನುವಷ್ಟು ನಿಖರವಾಗಿರಲಿ. ‘ಬಾಕಿ ಕೆಲಸ ಮುಗಿಸಬೇಕು’ ಅಂತ ಬರೆದರೆ ಉಪಯೋಗವಿಲ್ಲ, ಅದು ಚಿಂತೆಯನ್ನು ಕಾಗದಕ್ಕೆ ಇಳಿಸಿದಂತೆ ಅಷ್ಟೆ.

ಫೋನಿನ ಬಗ್ಗೆ ನೀವು ಸಾಕಷ್ಟು ಬೈಗುಳ ಕೇಳಿದ್ದೀರಿ, ನಾನು ಸೇರಿಸುವುದಿಲ್ಲ. ಮಾಡಬೇಕಾದದ್ದು ಎರಡು. ವಾಟ್ಸಾಪ್ ಗುಂಪನ್ನು ಮ್ಯೂಟ್ ಮಾಡಲು ಹೋದರೆ ಎಂಟು ಗಂಟೆ, ಒಂದು ವಾರ, ಯಾವಾಗಲೂ ಎಂಬ ಆಯ್ಕೆಗಳು ಬರುತ್ತವೆ. ಅಪಾರ್ಟ್‌ಮೆಂಟ್ ಗುಂಪಿಗೆ, ನೆಂಟರ ಗುಂಪಿಗೆ ‘ಯಾವಾಗಲೂ’ ಒತ್ತಿ. ಗುಂಪಿನಲ್ಲಿ ಉಳಿದೇ ಇರುತ್ತೀರಿ, ನೀವು ಮ್ಯೂಟ್ ಮಾಡಿದ್ದು ಯಾರಿಗೂ ತಿಳಿಯುವುದಿಲ್ಲ, ಯಾರೂ ಬೇಸರಪಡುವುದಿಲ್ಲ. ನಿಮಗೆ ಬೇಕಾದಾಗ ನೀವೇ ತೆರೆದು ನೋಡುತ್ತೀರಿ.

ಎರಡನೆಯದು ನನಗೆ ಇನ್ನೂ ಮುಖ್ಯ. 2021ರಿಂದ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶವನ್ನು ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳಬಹುದು. ಕಚೇರಿಯ ಸಂದೇಶಕ್ಕೆ ಅದು ಅನುಕೂಲವೇ. ಆದರೆ ಊರಿನಿಂದ ಅಮ್ಮ ಕಳಿಸಿದ್ದನ್ನೂ ಎಷ್ಟೋ ಜನ ಎರಡು ಪಟ್ಟಿನಲ್ಲೇ ಕೇಳುತ್ತೇವೆ. ‘ಏನಿಲ್ಲ ಕಣಪ್ಪ, ಸುಮ್ನೆ ಮಾಡ್ದೆ’ ಅಂತ ಶುರುಮಾಡಿ ಅವರು ಒಂದು ಕ್ಷಣ ನಿಲ್ಲಿಸುತ್ತಾರೆ. ಆ ನಿಲುಗಡೆಯಲ್ಲಿ ಉಸಿರು ಕೇಳುತ್ತದೆ, ಹಿಂದೆ ಕುಕ್ಕರ್ ಕೂಗುತ್ತದೆ. ಮಂಡಿ ನೋವಿನ ವಿಷಯ ಹೇಳಲೋ ಬೇಡವೋ ಅನ್ನುವ ಹಿಂಜರಿಕೆ ಇರುವುದು ಆ ನಿಲುಗಡೆಯಲ್ಲೇ. ಎರಡು ಪಟ್ಟು ವೇಗದಲ್ಲಿ ಮಾತು ಉಳಿಯುತ್ತದೆ, ನಿಲುಗಡೆ ಕುಗ್ಗಿಹೋಗುತ್ತದೆ. ಮನೆಯವರ ದನಿಯನ್ನು ಅವರು ಆಡಿದ ವೇಗದಲ್ಲೇ ಕೇಳಿ. ಒಂದು ನಿಮಿಷದ ಸಂದೇಶದಲ್ಲಿ ನೀವು ಉಳಿಸುವುದು ಮೂವತ್ತು ಸೆಕೆಂಡು.

ಇಲ್ಲಿ ಬಂದಿರುವ ಹೆಂಗಸರಿಗೆ ಒಂದು ಮಾತು ಹೇಳಲೇಬೇಕು. ಬೆಳಗ್ಗೆ ಐದೂವರೆಗೆ ಎದ್ದು ನಾಲ್ಕು ಡಬ್ಬಿ ತುಂಬಿಸಿ, ಅತ್ತೆಯವರ ಮಾತ್ರೆ ಕೊಟ್ಟು, ಒಂಬತ್ತಕ್ಕೆ ಬಸ್ ಹಿಡಿಯುವವರಿಗೆ ‘ಸ್ವಲ್ಪ ನಿಧಾನಿಸಿ, ಉಸಿರು ಗಮನಿಸಿ’ ಅಂತ ಹೇಳುವುದು ಅನ್ಯಾಯ. ಅವರ ಅವಸರ ಮನಸ್ಸಿನಲ್ಲಿ ಹುಟ್ಟಿದ್ದಲ್ಲ, ಕೆಲಸ ಹಂಚಿಕೆಯಾಗದೆ ಹುಟ್ಟಿದ್ದು. ಅದಕ್ಕೆ ಮದ್ದು ಮನೆಯ ಉಳಿದವರ ಕೈಯಲ್ಲಿದೆ. ಇಲ್ಲಿರುವ ಗಂಡಸರು ಡಿಕಾಕ್ಷನ್ ಹಾಕುವ ಕೆಲಸವನ್ನು ನಾಳೆಯಿಂದ ತಾವೇ ವಹಿಸಿಕೊಳ್ಳಬಹುದು. ಅಳತೆ ಆಗಲೇ ಹೇಳಿದ್ದೇನೆ. ಡಬ್ಬಿ ತುಂಬಿಸುವುದನ್ನೂ ಸೇರಿಸಿಕೊಂಡರೆ ಇನ್ನೂ ಒಳ್ಳೆಯದು.

ಇನ್ನೊಂದು ಎಚ್ಚರಿಕೆ. ಕಣ್ಣು ಮುಚ್ಚಿ ಉಸಿರಿಗೆ ಗಮನ ಕೊಟ್ಟರೆ ಕೆಲವರಿಗೆ ಗಾಬರಿ ಹೆಚ್ಚುತ್ತದೆ. ಹಿಂದೆ ದೊಡ್ಡ ಆಘಾತ ಕಂಡವರಿಗೆ, ಪದೇಪದೇ ಎದೆ ಡವಗುಟ್ಟುವ ತೊಂದರೆ ಇರುವವರಿಗೆ ಇದು ಆಗುವುದುಂಟು. ಅಂಥವರು ಹಟ ಹಿಡಿದು ಕೂರಬಾರದು. ಕಣ್ಣು ತೆರೆದೇ ಇರಲಿ, ಗಮನ ಹೊರಗಿರಲಿ: ಕಾಣುವ ಐದು ವಸ್ತು ಹೆಸರಿಸಿ, ಗೋಡೆ ಮುಟ್ಟಿ, ತಣ್ಣೀರಿನಲ್ಲಿ ಕೈ ತೊಳೆಯಿರಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಅದಕ್ಕೆ ಅಭ್ಯಾಸ ಸಾಲದು, ವೈದ್ಯರು ಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. 14416ಕ್ಕೆ ಕರೆ ಮಾಡಿದರೆ ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ, ಫಿಲ್ಟರ್ ಇಲ್ಲದ ಮನೆಯವರು ಏನು ಮಾಡಬೇಕು? ಹಾಲು ಕಾಯಿಸುತ್ತೀರಲ್ಲ, ಅದು ಸಾಕು. ಮೊದಲು ಪಾತ್ರೆಯ ಅಂಚಿಗೆ ಸಣ್ಣ ಗುಳ್ಳೆಗಳ ಸಾಲು ಬರುತ್ತದೆ. ಆಮೇಲೆ ಮೇಲೆ ಕೆನೆ ಕಟ್ಟಿ ಸುಕ್ಕಾಗುತ್ತದೆ. ಕೆಳಗೆ ಹುಟ್ಟಿದ ಆವಿಗೆ ಕೆನೆ ದಾರಿ ಬಿಡದೆ ಅದು ಒಟ್ಟುಗೂಡಿ ಒಮ್ಮೆಲೇ ಮೇಲಕ್ಕೆ ತಳ್ಳುತ್ತದೆ, ನೀರು ಉಕ್ಕದೆ ಹಾಲು ಉಕ್ಕುವುದು ಇದಕ್ಕೇ. ಉಕ್ಕುವ ಮೊದಲು ಸುಕ್ಕೆಲ್ಲ ಬಿಚ್ಚಿಕೊಂಡು ಕೆನೆ ಬಿಗಿಯಾಗಿ ಉಬ್ಬಿ ನಿಲ್ಲುತ್ತದೆ. ಆ ಉಬ್ಬು ಕಣ್ಣಿಗೆ ಬಿದ್ದಾಗ ಕೈ ಒಲೆಯ ತಿರುಗಣೆಯ ಮೇಲಿರಲಿ.